ಮುಂದಿನವರಿಗೆ ಒಳ್ಳೇದಾಗಲಿ

ಪಾಸಾದವರ ಮನೆಗೆ ಹೋಗುವುದಕ್ಕೆ ಒಂದು ಪದ್ಧತಿ ಇದೆ. ಪೇಢೆ ತಿನ್ನಬೇಕು, ಹುಡುಗನ ಬೆನ್ನು ತಟ್ಟಬೇಕು, "ಅಜ್ಜನ ತಲಿ ಬಂದದ ನೋಡ್ರಿ" ಅನ್ನಬೇಕು. ಫೇಲಾದವರ ಮನೆಗೂ ಪದ್ಧತಿ ಇದೆ. ಆ ಒಂದು ವಿಷಯ ಬಿಟ್ಟು ಮಳೆ, ತೊಗರಿ ರೇಟು, ಊರ ರಾಜಕಾರಣ ಎಲ್ಲ ಮಾತಾಡಿ, ಹೊರಡುವಾಗ ಚಪ್ಪಲಿ ಹುಡುಕುತ್ತ "ಇರ್ಲಿ ಬಿಡ್ರಿ, ಮುಂದಿನ ವರ್ಷ ಅದ" ಎಂದರೆ ಮುಗಿಯಿತು. ಆದರೆ ವೇಟಿಂಗ್ ಲಿಸ್ಟಿನಲ್ಲಿ ಇರುವವರ ಮನೆಗೆ ಹೋದಾಗ ಏನು ಮಾಡಬೇಕೆಂದು ಹಿರಿಯರು ಹೇಳಿಕೊಟ್ಟಿಲ್ಲ. ಪೇಢೆ ಕೇಳುವಂತಿಲ್ಲ, ಸಮಾಧಾನ ಹೇಳುವಂತಿಲ್ಲ. ಚಹಾ ಬರುತ್ತದೆ. ಅದರಲ್ಲಿ ಸಕ್ಕರೆ ಬಿದ್ದಿಲ್ಲವೆಂದು ಹೇಳಲಿಕ್ಕೂ ಅಂಜಿಕೆ. ಮನೆಯವರ ಕಣ್ಣು ಬಾಗಿಲ ಮೇಲಿಲ್ಲ, ಬಂದವರ ಮೇಲಿಲ್ಲ, ಮೊಬೈಲಿನ ಮೇಲಿರುತ್ತದೆ.

ನಮ್ಮ ಅಕ್ಕನ ಮನೆ ಈಗ ಅಂಥ ಮನೆ. ಅಕ್ಕನನ್ನು ಕೊಟ್ಟದ್ದು ಕಮಲಾಪುರಕ್ಕೆ, ನಾನಿರುವುದು ಕಲಬುರಗಿಯಲ್ಲಿ. ಅವಳ ಮಗಳು ಪಿಯುಸಿ ಮುಗಿಸಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆಂದು 2022ರಿಂದ ಶುರುವಾದ ಸಿಯುಇಟಿ ಬರೆದು, ದೂರದ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಸೀಟು ಬೆರಳೆಣಿಕೆಯಷ್ಟು, ಅರ್ಜಿ ಹಾಕಿದವರು ಜಾತ್ರೆಯಷ್ಟು. ಆ ವಿಶ್ವವಿದ್ಯಾಲಯದ ಹೆಸರು ಬರೆಯಕೂಡದೆಂದು ಅಕ್ಕನ ಅಪ್ಪಣೆಯಾಗಿದೆ. "ಪೇಪರಿನಾಗ ಹೆಸರು ಹಾಕಿದ್ರ ದೃಷ್ಟಿ ಆಗ್ತದ, ಲಿಸ್ಟ್ ಅಲ್ಲೇ ನಿಂತುಬಿಡ್ತದ" ಎಂದು ಅವಳ ವಾದ. ಮನೆಯಲ್ಲೂ ಆ ಹೆಸರನ್ನು ಯಾರೂ ಎತ್ತುವುದಿಲ್ಲ. ಹಿಂದಿನ ಹೆಂಗಸರು ಗಂಡನ ಹೆಸರು ಹೇಳದೆ "ಅವರು" ಅನ್ನುತ್ತಿದ್ದ ಹಾಗೆ ಈಗ ಮನೆಮಂದಿಯೆಲ್ಲ "ಅದು" ಅನ್ನುತ್ತಾರೆ. "ಅದರದು ಏನರೆ ಬಂತೇನು?" "ಅದು ಓಪನ್ನೇ ಆಗ್ಲಿಕತ್ತಿಲ್ಲ."

ಮೊದಲ ಪಟ್ಟಿ ಬಂದ ದಿನ ಪೋರ್ಟಲಿನಲ್ಲಿ ಹುಡುಗಿಯ ಹೆಸರಿನ ಮುಂದೆ ಹಸಿರೂ ಅಲ್ಲದ, ಕೆಂಪೂ ಅಲ್ಲದ ಹಳದಿ ಅಕ್ಷರದಲ್ಲಿ "ವೇಟ್‌ಲಿಸ್ಟೆಡ್ 37" ಎಂದಿತ್ತು. ಅಂದಿನಿಂದ ಅವಳಿಗೆ ಹೆಸರಿಲ್ಲ, ನಂಬರೇ ಹೆಸರು.

ಮಾವನ, ಅಂದರೆ ಅಕ್ಕನ ಗಂಡನ, ವಿಷಯ ಹೇಳಬೇಕು. ಅವರದು ಕೆಂಪು ಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಸಿಕ್ಕಿರುವುದು ನಿಮಗೆ ಗೊತ್ತಿರಬಹುದು. ಸಿಪ್ಪೆ ದಪ್ಪ ಕೆಂಪು, ಒಳಗಿನ ತಿರುಳು ಕೆನೆಬಣ್ಣ, ಒಂದು ತಿಂದರೆ ಹೊಟ್ಟೆಗೆ ಸಾಕು, ಒಂದು ಡಜನ್ ಕೊಂಡರೆ ಕಿಸೆಗೂ ಸಾಕು. ಶ್ರೀಮಂತರ ಹಣ್ಣೆಂದು ಅದಕ್ಕೆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟು ಕೈತೊಳೆದುಕೊಂಡರೆ ಇದಕ್ಕೆ ಹದಿನೆಂಟು ತಿಂಗಳು ಬೇಕು. ಹದಿನೆಂಟು ತಿಂಗಳು ಅಂದರೆ ಒಂದು ಬೇಸಿಗೆ ಹೇಗೂ ತಪ್ಪಿದ್ದಲ್ಲ, ಗ್ರಹಚಾರ ಕೆಟ್ಟರೆ ಎರಡು. ಕಲಬುರಗಿ ಕಡೆಯ ಬೇಸಿಗೆ ಎಂದರೆ ಏನೆಂದು ತಿಳಿಯಬೇಕಾದರೆ ಸರ್ಕಾರವನ್ನು ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚಿಸುವುದು ಅದೇ. ಅಂಥ ಬಿಸಿಲಿನಲ್ಲಿ ಗಿಡಕ್ಕೆ ನೀರುಣಿಸಿ, ಗಾಳಿಗೆ ಬೀಳದಂತೆ ಕೋಲು ಆನಿಸಿ, ಹದಿನೆಂಟು ತಿಂಗಳು ಬೀಡಿ ಸೇದುತ್ತ ಕೂತುಕೊಳ್ಳುವ ಮನುಷ್ಯ ನಮ್ಮ ಮಾವ. ಅವರ ಬಾಯಲ್ಲಿ "ಇನ್ನೂ ಎಷ್ಟು ದಿನ?" ಎಂಬ ಮಾತು ನಾನು ಕೇಳಿರಲಿಲ್ಲ.

ಈಗ ದಿನಕ್ಕೆ ಮೂವತ್ತು ಸಲ ಕೇಳುತ್ತಾರೆ. ತೋಟದಲ್ಲಿ ನಿಂತಲ್ಲೇ ಮೊಬೈಲು ತೆಗೆಯುತ್ತಾರೆ. ಕೈತುಂಬ ಬಾಳೆಯ ಸೊನೆ. ಅದು ಹತ್ತಿ ಕಪ್ಪಾದ ಹೆಬ್ಬೆರಳನ್ನು ಮೊಬೈಲು ಗುರುತು ಹಿಡಿಯುವುದಿಲ್ಲ. ಧೋತರಕ್ಕೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಸೊನೆ ಧೋತರಕ್ಕೆ ಹತ್ತುತ್ತದೆ, ಬೆರಳು ಬಿಡುವುದಿಲ್ಲ. ಕೊನೆಗೆ ಪಕ್ಕದಲ್ಲಿ ಗೊನೆ ಕಡಿಯುತ್ತಿರುವ ಆಳಿಗೆ "ಏ, ಆರು ಸಲ ಒಂದು ಒತ್ತು" ಎಂದು ಪಾಸ್‌ವರ್ಡ್ ಹೇಳುತ್ತಾರೆ. ಹೀಗಾಗಿ ಮಾವನ ಮೊಬೈಲಿನ ಗುಟ್ಟು ಇಡೀ ಊರಿಗೆ ಗೊತ್ತು. ಮೊಬೈಲು ತೆರೆದರೆ ಪೋರ್ಟಲ್ ತೆರೆಯಬೇಕು. ಅದು ಕ್ಯಾಪ್ಚಾ ಕೇಳುತ್ತದೆ. ಸೊಟ್ಟ ಸೊಟ್ಟ ಅಕ್ಷರ ತೋರಿಸಿ "ನೀನು ಮನುಷ್ಯನೇ ಹೌದಾ?" ಎನ್ನುವ ಆ ಪ್ರಶ್ನೆಗೆ ಮಾವ ಉತ್ತರ ಕೊಡುವುದರೊಳಗೆ ಓಟಿಪಿ ಬಂದು ಹಳತಾಗಿರುತ್ತದೆ. ಎಲ್ಲ ಗೆದ್ದು ಒಳಗೆ ಹೋದರೆ ಅದೇ ಹಳದಿ ಅಕ್ಷರ.

ನಂಬರು ಒಮ್ಮೆ 37ರಿಂದ 31ಕ್ಕೆ ಬಂತು. ಅಂದು ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿಯುವುದೇ ತಡ, ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡವನೊಬ್ಬ "ಸರ, ಮೂವತ್ತೊಂದಕ್ಕ ಇಳೀತಂತಲ್ಲ!" ಎಂದ. ಹಿಂದೆ ನಿಂತಿದ್ದ ವ್ಯಾಪಾರಿ ಗಾಬರಿಯಾಗಿ "ಯಾವಾಗ? ನಿನ್ನಿ ಸಂಜೀಕ ನಾ ಹೆಚ್ಚು ಕೊಟ್ಟು ತಂದೀನಲ್ಲೋ" ಎಂದು ಕೂಗಿದ. ಬಾಳೆಯ ಊರಿನಲ್ಲಿ ಇಳಿಯಿತು ಎಂದರೆ ಯಾರ ಎದೆಯೂ ಒಮ್ಮೆ ಧಸಕ್ ಅನ್ನುತ್ತದೆ. ಮಾವನಿಗೂ ಇದು ರೂಢಿಯಾಗಲು ದಿನ ಹಿಡಿಯಿತು. ಜೀವಮಾನವೆಲ್ಲ ಏರಲಿ ಏರಲಿ ಎಂದು ಕಾದ ಮನುಷ್ಯ ಈಗ ಇಳಿಯಲಿ ಇಳಿಯಲಿ ಎಂದು ಜಪಿಸಬೇಕು.

ಸಲಹೆ ಕೊಡುವವರಿಗಂತೂ ಬರ ಇಲ್ಲ. ಕಲಬುರಗಿಯ ನಮ್ಮ ಓಣಿಯಲ್ಲಿ ನಿವೃತ್ತ ಟಿಸಿ ಕಾಕಾ ಒಬ್ಬರಿದ್ದಾರೆ. ಸುದ್ದಿ ಕೇಳಿ ಕನ್ನಡಕ ಏರಿಸಿ, "ಮೂವತ್ತೊಂದಾ? ಏನೂ ಚಿಂತಿ ಮಾಡಬ್ಯಾಡ್ರಿ. ಚಾರ್ಟ್ ಆಗೋದ್ರಾಗ ಕನ್ಫರ್ಮ್. ಉದ್ಯಾನ ಎಕ್ಸ್‌ಪ್ರೆಸ್ಸಿನಾಗ ಇದರ ಡಬಲ್ ಕ್ಲಿಯರ್ ಆಗಿದ್ದು ನಾ ನೋಡೀನಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಸಂಶಯದಿಂದ ಕೇಳಿದರು: "ಜನರಲ್ ವೇಟಿಂಗೋ, ರಿಮೋಟ್ ಲೊಕೇಶನ್ನೋ?" ಅವರಿಗೆ ರೈಲಿನ ಲೆಕ್ಕ. ಗಾಡಿ ಹೊರಡುವ ಊರಿನಿಂದ ಟಿಕೆಟ್ ತೆಗೆದವರದು ಜನರಲ್ ವೇಟಿಂಗ್, ಅದು ಬೇಗ ಕನ್ಫರ್ಮ್ ಆಗುತ್ತದೆ. ನಡುವಿನ ಊರಿನವರದು ರಿಮೋಟ್ ಲೊಕೇಶನ್, ಅದು ಕಷ್ಟ. ಕಮಲಾಪುರ ಎಂದೆ. ಕಾಕಾ ಮುಖ ಸಣ್ಣದು ಮಾಡಿ, "ಹಂಗಾರ ರಿಮೋಟೇ ಆತಲ್ಲ" ಎಂದರು.

ಇನ್ನೊಬ್ಬರು "ತ್ರೀ ಸೆವೆಂಟಿ ಒನ್ ಜೆ ಹಚ್ಚೀರಿಲ್ಲೋ?" ಎಂದರು. ನಮ್ಮ ಕಡೆ ಯಾವ ಅರ್ಜಿಯ ಮಾತು ಬಂದರೂ ಮೊದಲ ಪ್ರಶ್ನೆ ಇದೇ. ಸಂವಿಧಾನದ 371-ಜೆ ವಿಧಿಯಡಿ ಉಪವಿಭಾಗದ ಸಹಾಯಕ ಆಯುಕ್ತರು ಕೊಡುವ ಆ ಪ್ರಮಾಣಪತ್ರ ಇದ್ದರೆ ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ 100ಕ್ಕೆ 70 ಸೀಟು, ರಾಜ್ಯದ ಉಳಿದ ಕಡೆ 8 ಸೀಟು ಈ ಭಾಗದವರಿಗೆ ಮೀಸಲು. ಅಕ್ಕ ಅದನ್ನು ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದಾಳೆ. ಆದರೆ ಅದು ರಾಜ್ಯದ ಗಡಿ ದಾಟಿದರೆ ಬರೀ ಲ್ಯಾಮಿನೇಶನ್.

ಮೂರನೆಯವರದು ಬುದ್ಧಿಮಾತು: "ಕಡಗಂಚಿ ಬಿಟ್ಟು ಅಷ್ಟು ದೂರ ಯಾಕ್ರಿ?" ಈ ಮಾತಿನಲ್ಲಿ ಹುರುಳಿದೆ. 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ರಸ್ತೆಯ ಕಡಗಂಚಿಯಲ್ಲಿ. ನಮ್ಮ ಮಕ್ಕಳು ಅಷ್ಟು ದೂರ ಹೋಗಲು ಹಾತೊರೆಯುತ್ತಿದ್ದರೆ, ಕೇರಳದಿಂದ ಮಕ್ಕಳು ರೈಲು ಹತ್ತಿ ಕಡಗಂಚಿಗೆ ಬಂದು ಜೋಳದ ರೊಟ್ಟಿ ಕಡಿಯುವುದನ್ನು ಕಲಿಯುತ್ತಾರೆ. ಅಲ್ಲಿನ ಯಾವುದೋ ಮನೆಯಲ್ಲೂ ಒಬ್ಬ ಅಪ್ಪ ಇದೇ ಹೊತ್ತಿಗೆ ಕ್ಯಾಪ್ಚಾ ಜೊತೆ ಗುದ್ದಾಡುತ್ತ ಕಡಗಂಚಿಯ ಪಟ್ಟಿ ಇಳಿಯಲಿ ಎಂದು ಕಾಯುತ್ತಿರಬಹುದು.

ಹಾಗೆ ನೋಡಿದರೆ ಕಾಯುವ ವಿದ್ಯೆಯಲ್ಲಿ ನಮ್ಮ ಭಾಗಕ್ಕೆ ಡಾಕ್ಟರೇಟು ಕೊಡಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ. ನಾವು ನಿಜಾಮನ ಸಂಸ್ಥಾನದಲ್ಲಿದ್ದವರು, ನಮ್ಮ ಸರದಿ ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ನಡುವಿನ ಹದಿಮೂರು ತಿಂಗಳು ನಾವು ವೇಟಿಂಗ್ ಲಿಸ್ಟಿನಲ್ಲೇ ಇದ್ದೆವು. ಸ್ವಂತ ವಿಶ್ವವಿದ್ಯಾಲಯ ಸಿಕ್ಕದ್ದು 1980ರಲ್ಲಿ. ಅಲ್ಲಿಯವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ದಿನ ನೂಕಿದ್ದಾಯಿತು. ಬೀದರ್–ಕಲಬುರಗಿ ರೈಲು ಮಾರ್ಗ ಬರೀ 110 ಕಿಲೋಮೀಟರು. 1990ರ ದಶಕದಲ್ಲಿ ಮಂಜೂರಾದ ಅದು ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಈಗ ಆ ರೈಲು ಕಮಲಾಪುರದ ಮೇಲೇ ಹೋಗುತ್ತದೆ. ಕಮಲಾಪುರ ತಾಲೂಕಾಗುತ್ತದೆ ಎಂಬ ಘೋಷಣೆ ಬಂದದ್ದೂ ಅದೇ 2017ರ ಬಜೆಟ್ಟಿನಲ್ಲಿ. ಕೆಲವು ವರ್ಷ ಹಾಗೆ, ಎಲ್ಲ ಒಟ್ಟಿಗೆ ಕನ್ಫರ್ಮ್ ಆಗುತ್ತದೆ.

ಇನ್ನು ಆ 371-ಜೆ. ಅದರ ಕೊನೆಯ ಅಕ್ಷರವನ್ನೇ ನೋಡಿ. ಹಳೆಯ ಹೈದರಾಬಾದ್ ಸಂಸ್ಥಾನದ ಅತ್ತಣ ಪಾಲಿಗೆ, ಅಂದರೆ ಆಂಧ್ರಕ್ಕೆ ಸೇರಿದವರಿಗೆ, 371-ಡಿ ಸಿಕ್ಕದ್ದು 1970ರ ದಶಕದಲ್ಲಿ. ಇತ್ತಣ ಪಾಲಿನವರು ನಾವು ಕೈಯೆತ್ತಿಕೊಂಡು ನಿಂತೇ ಇದ್ದೆವು. ಎಫ್ ಸಿಕ್ಕಿಂ ಪಾಲಾಯಿತು, ಜಿ ಮಿಜೋರಾಂ ಪಾಲಾಯಿತು, ಎಚ್ ಅರುಣಾಚಲ ಪ್ರದೇಶಕ್ಕೆ, ಐ ಗೋವಾಕ್ಕೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿ, 2012ರಲ್ಲಿ ಸಂಸತ್ತು 98ನೇ ತಿದ್ದುಪಡಿ ಒಪ್ಪಿದ ಮೇಲೆ ನಮಗೆ ಜೆ ಬಂತು. ಡಿಯಿಂದ ಜೆವರೆಗೆ ನಾಲ್ಕು ದಶಕ. 31 ಯಾವ ಲೆಕ್ಕ?

ಇದನ್ನೇ ಅಕ್ಕನಿಗೆ ಹೇಳಿ ಸಮಾಧಾನ ಮಾಡಲು ಹೋದೆ. "ನಾಕು ದಶಕದಾಗ ನನ್ನ ಮಗಳು ಅಜ್ಜಿ ಆಗ್ತಾಳ. ನೀ ಸುಮ್ಮ ಉಣ್ಣು" ಎಂದಳು.

ಆ ಮನೆಯಲ್ಲಿ ಈ ವಿಷಯವನ್ನು ಸರಿಯಾಗಿ ತಿಳಿದುಕೊಂಡವರು ಆಯಿ. ಅಕ್ಕನ ಅತ್ತೆ ಅವರು. ವಯಸ್ಸು ಎಂಬತ್ತರ ಹತ್ತಿರ. ಶಾಲೆಯ ಮುಖ ಕಂಡವರಲ್ಲ. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ನಡೆಸಿದರು.

"ಮೂವತ್ತೊಂದು ಅಂದ್ರೇನು?"

"ನನ್ನ ಮುಂದ ಮೂವತ್ತು ಮಂದಿ ಅದಾರ, ಆಯಿ."

"ಅವರು ಸರಿದ್ರ ನಿನಗ ಸಿಗ್ತದ?"

"ಹೂಂ."

"ಅವರು ಯಾಕ ಸರೀತಾರ? ಅವರಿಗೇನು ಹುಚ್ಚೇನು?"

"ಇದಕ್ಕಿಂತ ಛಲೋದು ಬ್ಯಾರೆ ಕಡಿ ಸಿಕ್ಕರ ಬಿಟ್ಟು ಹೋಗ್ತಾರ."

ಆಯಿ ತುಸು ಹೊತ್ತು ಅಡಿಕೆ ಕತ್ತರಿಸಿದರು. ಆಮೇಲೆ ತೀರ್ಪು ಕೊಟ್ಟರು: "ಹಂಗಾರ ನಿನಗ ಬೇಡ್ಕೊಂಡ್ರ ಏನೂ ಉಪೇಗ ಇಲ್ಲ. ಅವರ ಸಲುವಾಗೇ ಬೇಡ್ಕೋಬೇಕು."

ಅಂದಿನಿಂದ ಪ್ರತಿ ಸೋಮವಾರ ಆಯಿಯ ಸವಾರಿ ಕಲಬುರಗಿಗೆ. ಶಕ್ತಿ ಯೋಜನೆಯ ಬಸ್ಸು, ಕೈಯಲ್ಲಿ ಆಧಾರ್ ಕಾರ್ಡು, ಸೆರಗಿನ ತುದಿಯಲ್ಲಿ ಕಟ್ಟಿದ ಚಿಲ್ಲರೆ. ಹುಮನಾಬಾದ್ ಬೇಸ್‌ನಲ್ಲಿ ನಾನು ಸ್ಕೂಟರು ನಿಲ್ಲಿಸಿಕೊಂಡಿರಬೇಕು. ಮೊದಲು ಶರಣಬಸವೇಶ್ವರ ಗುಡಿ, ಆಮೇಲೆ ಬಂದೇನವಾಜ್ ದರ್ಗಾ. ನಮ್ಮ ಊರಿನ ಮಂದಿಗೆ ಇವೆರಡರ ನಡುವೆ ಭೇದವಿಲ್ಲ, ಟ್ರಾಫಿಕ್ ಮಾತ್ರ ಇದೆ. ಗುಡಿಯಲ್ಲಿ ಆಯಿ ಸೆರಗು ಹೊದ್ದು ಕೈಮುಗಿದು ಗಟ್ಟಿಯಾಗಿಯೇ ಬೇಡುತ್ತಾರೆ: "ಎಪ್ಪಾ ಶರಣಾ, ಮುಂದಿನ ಮೂವತ್ತು ಮಕ್ಕಳಿಗೆ ಒಳ್ಳೇದು ಮಾಡು. ಅವರಿಗೆ ದೊಡ್ಡ ದೊಡ್ಡ ಕಾಲೇಜು ಸಿಗಲಿ." ಪಕ್ಕದಲ್ಲಿ ನಿಂತವರು ಎಂಥ ದೊಡ್ಡ ಮನಸ್ಸಿನ ಮುದುಕಿ ಎಂದು ನೋಡುತ್ತಾರೆ. ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಿದ್ದಾಗ ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ತಿಂದು ಬಾಯಾರೀತೆಂದು ಅವಕ್ಕೆ ನೀರಿಟ್ಟರು ಎಂದು ನಮ್ಮ ಕಡೆ ಹೇಳುತ್ತಾರೆ. ಅಂಥವರ ಎದುರಿಗೆ ನಿಂತು "ಮುಂದಿನವರು ತೊಲಗಲಿ" ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಆಯಿಗೆ ಒಂದೇ ಕೊರತೆ. ಆ ಮಕ್ಕಳ ಹೆಸರು ಗೊತ್ತಿಲ್ಲ. "ಹೆಸರು ಹೇಳದ ದೇವರಿಗೆ ಹೆಂಗ ತಿಳೀತದ?" ಎಂದು ಮೊಮ್ಮಗಳನ್ನು ಪೀಡಿಸಿದರು. ಪೋರ್ಟಲಿನಲ್ಲಿ ಹೆಸರಿಲ್ಲ, ಬರೀ ಅಪ್ಲಿಕೇಶನ್ ನಂಬರು. ಹನ್ನೆರಡು ಅಂಕಿಯದು. ಹುಡುಗಿ ಮೊದಲ ಐದು ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಆಯಿ ಅದನ್ನು ಪೂಜಾರಿಗೆ ಕೊಟ್ಟರು. ಪೂಜಾರಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗೋತ್ರ ಕೇಳದೆ ಮಂಗಳಾರತಿ ಎತ್ತಿದರು.

ಆಯಿ ಅಡಿಕೆ ಕತ್ತರಿಸುತ್ತ ಕಂಡುಕೊಂಡದ್ದನ್ನೇ ಇಬ್ಬರು ಗಣಿತಜ್ಞರು ಕಾಗದದ ಮೇಲೆ ಕಂಡುಕೊಂಡಿದ್ದರು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಅಮೆರಿಕದ ಒಂದು ಗಣಿತ ಪತ್ರಿಕೆಯಲ್ಲಿ ಏಳು ಪುಟದ ಲೇಖನ ಬರೆದರು. ವಿಷಯ: ಕಾಲೇಜು ಪ್ರವೇಶ ಮತ್ತು ಮದುವೆ. ಎರಡನ್ನೂ ಒಂದೇ ಲೇಖನದಲ್ಲಿ ತಂದ ಅವರಿಗೆ ನಮ್ಮ ಕಡೆಯ ಸಂಬಂಧ ಇರಲೇಬೇಕು ಎಂದು ನನ್ನ ಗುಮಾನಿ. ಅವರ ಉಪಾಯ ಸರಳ. ಎಲ್ಲ ಮಕ್ಕಳೂ ಮೊದಲು ತಮಗೆ ಅತಿ ಇಷ್ಟವಾದ ಕಾಲೇಜಿಗೆ ಅರ್ಜಿ ಹಾಕುತ್ತಾರೆ. ಕಾಲೇಜು ತನ್ನಲ್ಲಿ ಎಷ್ಟು ಸೀಟಿವೆಯೋ ಅಷ್ಟು ಜನರನ್ನು ಆರಿಸಿ ವೇಟಿಂಗ್ ಲಿಸ್ಟಿನಲ್ಲಿ ಇಟ್ಟುಕೊಂಡು ಉಳಿದವರನ್ನು ಕಳಿಸುತ್ತದೆ. ಆರಿಸಿದವರಿಗೂ ಸೀಟು ಕೊಡುವುದಿಲ್ಲ, ಗಮನಿಸಿ. ಹೊರಬಿದ್ದವರು ಎರಡನೇ ಆಯ್ಕೆಯ ಕಾಲೇಜಿಗೆ ಹೋಗುತ್ತಾರೆ. ಆ ಕಾಲೇಜು ಹೊಸಬರನ್ನೂ ಹಳಬರನ್ನೂ ಸೇರಿಸಿ ನೋಡಿ ಮತ್ತೆ ಪಟ್ಟಿ ಮಾಡುತ್ತದೆ. ಹೀಗೆ ಸುತ್ತಿ ಸುತ್ತಿ, ಇನ್ನು ಯಾರೂ ಕದಲುವುದಿಲ್ಲ ಎಂದಾದಾಗ ಎಲ್ಲ ಪಟ್ಟಿಗಳೂ ಒಂದೇ ಸಲಕ್ಕೆ ಕನ್ಫರ್ಮ್. ಅಂದರೆ ಕೊನೆಯ ಗಳಿಗೆಯವರೆಗೆ ಮೊದಲ ರ‍್ಯಾಂಕಿನವನೂ ವೇಟಿಂಗ್ ಲಿಸ್ಟೇ! ಈ ಸಮಾಚಾರದಿಂದ ಹುಡುಗಿಗೆ ಆದಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಲಿಲ್ಲ. ಶಾಪ್ಲಿಗೆ ಇದಕ್ಕಾಗಿ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು, ಆಲ್ವಿನ್ ರಾಥ್ ಎಂಬವರ ಜೊತೆ, 2012ರಲ್ಲಿ. ಬರೆದು ಐವತ್ತು ವರ್ಷದ ಮೇಲೆ. ಗೇಲ್ 2008ರಲ್ಲೇ ತೀರಿಕೊಂಡಿದ್ದರು, ನೊಬೆಲ್ ತೀರಿಕೊಂಡವರಿಗೆ ಕೊಡುವುದಿಲ್ಲ. ವೇಟಿಂಗ್ ಲಿಸ್ಟಿನ ಶಾಸ್ತ್ರ ಬರೆದವರಿಗೂ ವೇಟಿಂಗ್ ತಪ್ಪಲಿಲ್ಲ.

ತೊಂದರೆ ಇರುವುದು ಎಲ್ಲಿ ಎಂದರೆ, ಈ ಸುತ್ತಾಟ ಒಂದೇ ಕಂಪ್ಯೂಟರಿನೊಳಗೆ ನಡೆದರೆ ಚೆಂದ. ಇಲ್ಲಿ ಒಬ್ಬೊಬ್ಬರದು ಒಂದೊಂದು ಕಂಪ್ಯೂಟರು. ಐಐಟಿ, ಎನ್ಐಟಿಗಳಿಗೆ ಜೋಸಾ, ಮೆಡಿಕಲ್ಲಿಗೆ ಇನ್ನೊಂದು, ಕರ್ನಾಟಕದ ಸಿಇಟಿಗೆ ಕೆಇಎ, ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಹಲವು ತಮ್ಮ ತಮ್ಮ ಪಟ್ಟಿ ತಾವೇ ಬಿಡುತ್ತವೆ. ಒಬ್ಬನೇ ಹುಡುಗ ನಾಲ್ಕು ಕಡೆ ಗೆದ್ದಿರುತ್ತಾನೆ, ನಾಲ್ಕು ಕಡೆಯೂ ಒಂದೊಂದು ಕುರ್ಚಿಗೆ ಟವೆಲ್ ಹಾಸಿರುತ್ತಾನೆ. ಎಲ್ಲೋ ಮೆಡಿಕಲ್ ಮೂರನೇ ಸುತ್ತು ಮುಗಿದು ಅವನಿಗೆ ಸೀಟು ಖಾತ್ರಿಯಾದರೆ ಉಳಿದ ಮೂರು ಟವೆಲ್ ಎತ್ತಬೇಕು. ಎತ್ತಿದರೆ ಮೂರು ಪಟ್ಟಿ ಒಂದೊಂದು ಮೆಟ್ಟಿಲು ಇಳಿಯುತ್ತವೆ. ಆ ಮೂರರಲ್ಲಿ ಸೀಟು ಸಿಕ್ಕವರೂ ಬೇರೆಲ್ಲೋ ಟವೆಲ್ ಹಾಸಿದವರೇ, ಅವರೂ ಎತ್ತುತ್ತಾರೆ, ಇನ್ನಷ್ಟು ಪಟ್ಟಿ ಇಳಿಯುತ್ತವೆ. ಪುಣೆಯಲ್ಲೋ ಪಾಟ್ನಾದಲ್ಲೋ ಯಾರೋ ಒಂದು ಗುಂಡಿ ಒತ್ತಿದರೆ ಕಮಲಾಪುರದಲ್ಲಿ ನಂಬರು ಇಳಿಯುತ್ತದೆ. ಅವನು ಆಲಸ್ಯಕ್ಕೆ ಬಿದ್ದು ಒತ್ತದಿದ್ದರೆ ಇಲ್ಲಿ ಮಾವನ ಹೆಬ್ಬೆರಳು ಸವೆಯುತ್ತದೆ.

ಹುಡುಗಿಯದೂ ಒಂದು ಟವೆಲ್ ಇದೆ, ಕಲಬುರಗಿಯ ಒಂದು ಕಾಲೇಜಿನಲ್ಲಿ. ಫೀ ಕಟ್ಟಿಯಾಗಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ತಂದ ದೊಡ್ಡ ಸೂಟ್‌ಕೇಸು ಮಂಚದ ಕೆಳಗಿದೆ. ಖಾಲಿ ಇಟ್ಟರೆ ಅಪಶಕುನವೆಂದು ಆಯಿ ಅದರಲ್ಲಿ ತೊಗರಿಬೇಳೆ ತುಂಬಿದ್ದಾರೆ. ದಾರಿಗೆಂದು ಬಡಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ನಾನು ಹೋದಾಗೊಮ್ಮೆ ಖರ್ಚಾಗುತ್ತವೆ, ಮತ್ತೆ ಮಾಡುತ್ತಾರೆ. ಪಟ್ಟಿ ಬೇಗ ಇಳಿಯಬಾರದೆಂದು ನಾನು ಒಳಗೊಳಗೇ ಬಯಸುತ್ತೇನೆ ಎಂದು ಅಕ್ಕನಿಗೆ ಅನುಮಾನ. ಹಿಂಡಿಯ ರುಚಿ ನೋಡಿದರೆ ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ.

ಈಗ ನಂಬರು 14. ಇದನ್ನು ಓದುತ್ತಿರುವವರಲ್ಲಿ ಆ ಹದಿಮೂರು ಮಂದಿಯ ಮನೆಯವರು ಯಾರಾದರೂ ಇರಬಹುದು, ಅಥವಾ ಬೇರೆ ಯಾವುದೋ ಪಟ್ಟಿಯಲ್ಲಿ ಯಾರದೋ ಮುಂದೆ ನಿಂತವರು ಇರಬಹುದು. ಅವರಿಗೆ ಕಮಲಾಪುರದ ಆಯಿಯ ಪರವಾಗಿ ಒಂದು ಅರಿಕೆ. ನಿಮ್ಮ ಮಕ್ಕಳಿಗೆ ಒಳ್ಳೆಯ ಕಡೆ ಸೀಟು ಸಿಕ್ಕಿದ್ದರೆ ಬೇಡದ ಸೀಟನ್ನು ಇವತ್ತೇ ರದ್ದು ಮಾಡಿ, ಕೊನೆಯ ದಿನದವರೆಗೆ ಹಿಡಿದು ಕೂರಬೇಡಿ. ಫೀ ಹೋದೀತೆಂಬ ಹೆದರಿಕೆಯೂ ಬೇಡ. ಯುಜಿಸಿ 2024-25ನೇ ಸಾಲಿಗೆ ಹೊರಡಿಸಿದ ನಿಯಮದಲ್ಲಿ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಫೀ ವಾಪಸು, ಅಕ್ಟೋಬರ್ 31ರೊಳಗೆ ಬಿಟ್ಟರೆ ಹೆಚ್ಚೆಂದರೆ 1000 ರೂಪಾಯಿ ಕಡಿತ ಎಂದಿತ್ತು. ನಿಮ್ಮ ವರ್ಷದ ತಾರೀಖು ನೋಡಿಕೊಂಡು, ಲಾಗಿನ್ ಆಗಿ, ಕ್ಯಾಪ್ಚಾ ಹೊಡೆದು, ‘ವಿತ್‌ಡ್ರಾ’ ಒತ್ತಿ. ಅಪ್ಲಿಕೇಶನ್ ನಂಬರು ಕಳಿಸಿದರೆ ಸೋಮವಾರ ನಿಮ್ಮ ಹೆಸರಿನಲ್ಲೂ ಮಂಗಳಾರತಿ ಆಗುತ್ತದೆ.